ಗೋಪುರ ಕಟ್ಟುವ ಮುಂಚೆ: ಎಂಬಿಎ ಮಾಡಬೇಕಾ, ಯಾಕೆ ಮಾಡಬೇಕು?

ಯೌವನಸ್ಥರೆಲ್ಲ ಮುಂದೆ ಬಂದು ಕೂತಿದ್ದೀರಿ, ದೇವರಿಗೆ ಸ್ತೋತ್ರ.

ಈಚೆಗೆ ಪ್ರಾರ್ಥನಾ ವಿನಂತಿಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಬರ್ತಾ ಇದೆ. "ಪಾಸ್ಟರ್, ಎಂಬಿಎ ಮಾಡ್ಲಾ, ಬೇಡ್ವಾ? ದೇವರ ಚಿತ್ತ ಏನು ಅಂತ ಪ್ರಾರ್ಥನೆ ಮಾಡಿ ಹೇಳಿ." ನಾನು ಎಂಬಿಎ ಮಾಡಿದವನಲ್ಲ. ನನ್ನ ಹತ್ತಿರ ಇರೋದು ಬೈಬಲ್ ಕಾಲೇಜಿನ ಡಿಪ್ಲೊಮಾ. ವಾರವೆಲ್ಲ ನಿಮ್ಮ ಹಾಗೆ ನಾನೂ ಕೆಲಸಕ್ಕೆ ಹೋಗೋನು. ಯಾವ ಕಾಲೇಜು ಒಳ್ಳೇದು ಅಂತ ಹೇಳೋಕೆ ಇಲ್ಲಿ ನಿಂತಿಲ್ಲ. ವಾಕ್ಯ ಏನು ಹೇಳುತ್ತದೆ, ನೋಡೋಣ.

ಸತ್ಯವೇದದಲ್ಲಿ ಎರಡು ಗೋಪುರಗಳನ್ನು ನೋಡುತ್ತೇವೆ. ಮೊದಲನೆಯದು ಆದಿಕಾಂಡ 11ನೇ ಅಧ್ಯಾಯದಲ್ಲಿ, ಶಿನಾರ್ ದೇಶದ ಬಯಲಿನಲ್ಲಿ. ಅದನ್ನು ಯಾಕೆ ಕಟ್ಟಿದರು? ತಮಗೊಂದು ಹೆಸರು ಬೇಕಿತ್ತು, ಚದರಿ ಹೋಗುತ್ತೇವೆ ಅನ್ನೋ ಭಯವೂ ಇತ್ತು. ಎರಡನೆಯದು ಲೂಕ 14ನೇ ಅಧ್ಯಾಯ, 28ನೇ ವಚನದಲ್ಲಿ. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಅಂತ ಯೇಸು ಸ್ವಾಮಿ ಕೇಳುತ್ತಾರೆ. ಅಲ್ಲಿ ಅವರು ಮಾತಾಡ್ತಿರೋದು ಶಿಷ್ಯತ್ವದ ಬಗ್ಗೆ, ಕೋರ್ಸ್ ಬಗ್ಗೆ ಅಲ್ಲ. ಆದರೂ ಲೆಕ್ಕ ಹಾಕೋದನ್ನು ಸ್ವಾಮಿ ಅಪನಂಬಿಕೆ ಅಂತ ಕರೆಯಲಿಲ್ಲ, ಗಮನಿಸಿ. ಮೊದಲ ಗೋಪುರ "ಯಾಕೆ?" ಅಂತ ಕೇಳುತ್ತದೆ. ಎರಡನೆಯದು "ಎಷ್ಟು?" ಅಂತ ಕೇಳುತ್ತದೆ. ನಮಗೆ ಎರಡೂ ಬೇಕು.

ಮೊದಲು "ಯಾಕೆ". ನಮ್ಮ ಒಬ್ಬ ತಮ್ಮನನ್ನು ಕೇಳಿದೆ, "ಯಾಕಪ್ಪಾ ಎಂಬಿಎ?" "ಟೀಮ್‌ನಲ್ಲಿ ಎಲ್ಲರೂ ಮಾಡ್ತಿದ್ದಾರೆ ಪಾಸ್ಟರ್." "ಆಮೇಲೆ?" "ಮ್ಯಾನೇಜರ್ ಆಗಬಹುದು." "ಆಮೇಲೆ?" ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಹೇಳಿದ, "ನಮ್ಮಪ್ಪ ಸಂಬಂಧಿಕರ ಮುಂದೆ ತಲೆ ಎತ್ತಿ ಓಡಾಡ್ತಾರೆ."

ಪ್ರಿಯರೇ, ಆ ಮಾತನ್ನು ನಾನು ಹಗುರ ಮಾಡೋದಿಲ್ಲ. ತಂದೆತಾಯಿಯನ್ನು ಸನ್ಮಾನಿಸೋದು ದೇವರ ಆಜ್ಞೆ. ಆದರೆ ಸಂಬಂಧಿಕರ ಬಾಯಿ ಯಾವ ಡಿಗ್ರಿಗೂ ಮುಚ್ಚೋದಿಲ್ಲ. ಇಂಜಿನಿಯರಿಂಗ್ ಮುಗಿದಾಗ "ಕೆಲಸ ಎಲ್ಲಿ?" ಅಂದರು. ಕೆಲಸ ಸಿಕ್ಕಾಗ "ಪ್ಯಾಕೇಜ್ ಎಷ್ಟು?" ಅಂದರು. ಎಂಬಿಎ ಆದರೆ "ಮದುವೆ ಯಾವಾಗ?" ಅಂತಾರೆ. ಹೆಸರಿಗೋಸ್ಕರ ಕಟ್ಟೋ ಗೋಪುರಕ್ಕೆ ಕೊನೆಯ ಮಹಡಿ ಇಲ್ಲ. ನಿನ್ನ ಹೆಸರು ಈಗಾಗಲೇ ಜೀವಬಾಧ್ಯರ ಪುಸ್ತಕದಲ್ಲಿದೆ. ಅಲ್ಲಿ ಹೆಸರಿರೋನು ಕಲಿಯೋಕೆ ಕಾಲೇಜಿಗೆ ಹೋಗಬೇಕು, "ನಾನು ಯಾರು" ಅಂತ ತೋರಿಸೋಕೆ ಅಲ್ಲ. ಆಮೆನ್?

ಇನ್ನು "ಎಷ್ಟು". ಬನ್ನೇರುಘಟ್ಟ ರಸ್ತೆಯಲ್ಲಿರೋ ಐಐಎಂ ನಿಮಗೆಲ್ಲ ಗೊತ್ತು. ಅಂಥ ಸಂಸ್ಥೆಗಳಲ್ಲಿ ಎರಡು ವರ್ಷದ ಫೀಸು 20 ಲಕ್ಷ ದಾಟುತ್ತದೆ. ಈಗ ನಿನಗೆ ತಿಂಗಳಿಗೆ 50,000 ಸಂಬಳ ಇದ್ದರೆ, ಕೆಲಸ ಬಿಟ್ಟ 24 ತಿಂಗಳಿಗೆ ಇನ್ನೊಂದು 12 ಲಕ್ಷ ಹೋಯಿತು. 20 ಲಕ್ಷ ಸಾಲ, ಶೇಕಡಾ 10 ಬಡ್ಡಿ, 10 ವರ್ಷ ಅಂತ ಇಟ್ಟುಕೊಳ್ಳಿ. ಇಎಂಐ ತಿಂಗಳಿಗೆ ಸುಮಾರು 26,400. ಒಟ್ಟು ಕಟ್ಟೋದು 31 ಲಕ್ಷಕ್ಕೂ ಹೆಚ್ಚು. ಓದುವಾಗ ಕಂತು ಕಟ್ಟದಿದ್ದರೂ ಬಡ್ಡಿ ಬೆಳೀತಾನೇ ಇರುತ್ತದೆ. ಸಾಲದ ಕಾಗದಕ್ಕೆ ಸಾಮಾನ್ಯವಾಗಿ ಅಪ್ಪನೋ ಅಮ್ಮನೋ ಸಹಿ ಹಾಕಬೇಕು. ಎಷ್ಟೋ ಸಲ ಅವರ ಸೈಟಿನ ಪತ್ರವೂ ಬ್ಯಾಂಕಿಗೆ ಹೋಗುತ್ತದೆ. ಜ್ಞಾನೋಕ್ತಿ 22ನೇ ಅಧ್ಯಾಯದ 26 ಮತ್ತು 27ನೇ ವಚನಗಳನ್ನು ಮನೆಯಲ್ಲಿ ಓದಿ. ತೀರಿಸಲಾಗದ ಸಾಲಕ್ಕೆ ಹೊಣೆಯಾದವನ ಹಾಸಿಗೆಗೂ ಕುತ್ತು ಬರುತ್ತದೆ. ಯಾರ ತಲೆ ಎತ್ತಿಸಬೇಕು ಅಂತ ಹೊರಟಿದ್ದೀಯೋ, ಅವರ ಹಾಸಿಗೆಯನ್ನೇ ಅಡವಿಡ್ತಾ ಇದ್ದೀಯಾ? ಇದನ್ನು ಕೂತು ಯೋಚಿಸು.

ಹಾಗಾದರೆ ಎಂಬಿಎ ಬೇಡ ಅಂತೀನಾ? ಇಲ್ಲ! ಓದು ಲೋಕದ್ದು, ಪ್ರಾರ್ಥನೆ ಮಾತ್ರ ದೇವರದ್ದು ಅಂತ ನಮ್ಮ ಸಭೆಗಳಲ್ಲಿ ಕೆಲವರು ತಿಳ್ಕೊಂಡಿದ್ದಾರೆ. ವಿಮೋಚನಕಾಂಡ 31 ತೆಗೆಯಿರಿ. ದೇವರು ಬೆಚಲೇಲನನ್ನು ತನ್ನ ಆತ್ಮದಿಂದ ತುಂಬಿಸಿದ್ದು ಯಾಕೆ? ಚಿನ್ನ, ಬೆಳ್ಳಿ, ಮರದ ಕೆತ್ತನೆ ಕೆಲಸಕ್ಕೆ! ಕೈಕೆಲಸದ ಜಾಣ್ಮೆಯೂ ಆತ್ಮನ ವರ. ದಾನಿಯೇಲ ಮೂರು ವರ್ಷ ಕಸ್ದೀಯರ ಭಾಷೆ, ಸಾಹಿತ್ಯ ಕಲಿತ. ಅನ್ಯರ ವಿದ್ಯೆ ಅಂತ ಓಡಿಹೋಗಲಿಲ್ಲ. ಆದರೆ ರಾಜನ ಊಟದಿಂದ ತನ್ನನ್ನು ಅಶುದ್ಧ ಮಾಡಿಕೊಳ್ಳಬಾರದು ಅಂತ ಮೊದಲೇ ಹೃದಯದಲ್ಲಿ ನಿಶ್ಚಯಿಸಿಕೊಂಡಿದ್ದ. ತಟ್ಟೆ ಮುಂದೆ ಬಂದ ಮೇಲೆ ನಿರ್ಧಾರ ಮಾಡೋದು ಬಹಳ ಕಷ್ಟ.

ನೀವೂ ಹಾಗೇ ಮೊದಲೇ ನಿಶ್ಚಯಿಸಿ. "ಕ್ಯಾಟ್ ಪರೀಕ್ಷೆ ಭಾನುವಾರ ಇರುತ್ತೆ, ಆರಾಧನೆ ತಪ್ಪುತ್ತಲ್ಲ ಪಾಸ್ಟರ್?" ಅಂತ ಒಬ್ಬ ತಂಗಿ ಕೇಳಿದಳು. ಆ ಒಂದು ಭಾನುವಾರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸ್ತೀನಮ್ಮಾ. ನನಗೆ ಚಿಂತೆ ಆಮೇಲಿನ ನೂರು ಭಾನುವಾರಗಳದ್ದು. ಸೇರುವ ಊರಲ್ಲಿ ಸಭೆ ಯಾವುದು, ಯಾರ ಜೊತೆ ಪ್ರಾರ್ಥನೆ, ಹಾಸ್ಟೆಲ್ ಪಾರ್ಟಿಯಲ್ಲಿ ಯಾವುದಕ್ಕೆ "ಬೇಡ" ಅಂತೀನಿ, ಇವನ್ನು ಫಾರ್ಮ್ ತುಂಬೋ ದಿನವೇ ಬರೆದಿಟ್ಟುಕೋ.

ಇನ್ನೊಂದು ಮಾತು. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಚನವೇ ಉತ್ತರ ಅನ್ನಬೇಡಿ. ಯಾರೋ ಪ್ರವಾದನೆ ಹೇಳಿದರೆ ತಿರಸ್ಕರಿಸಬೇಡಿ, ಪರೀಕ್ಷಿಸಿ. ಪೌಲನು ಥೆಸಲೋನಿಕದವರಿಗೆ ಕಲಿಸಿದ್ದೂ ಅದೇ. ಕೆಲವರಿಗೆ ಎಂಬಿಎ ಬೇಕಿಲ್ಲ, ಈಗಿನ ಕೆಲಸದ ಬೇಸರದಿಂದ ಎರಡು ವರ್ಷ ತಪ್ಪಿಸಿಕೊಳ್ಳಬೇಕು, ಅಷ್ಟೇ. ಇನ್ನು ಕೆಲವರು ಸೋಲಿನ ಭಯಕ್ಕೆ "ದೇವರ ಚಿತ್ತ ಇಲ್ಲ" ಅಂತ ಹೆಸರಿಡ್ತಾರೆ. ಎರಡೂ ಚಿತ್ತ ತಿಳಿಯೋ ದಾರಿ ಅಲ್ಲ. ಯಾಕೋಬನು 4ನೇ ಅಧ್ಯಾಯದಲ್ಲಿ ಗದರಿಸೋದು ವ್ಯಾಪಾರದ ಯೋಜನೆ ಮಾಡಿದವರನ್ನಲ್ಲ, ಕರ್ತನನ್ನು ಬಿಟ್ಟು ಯೋಜನೆ ಮಾಡಿದವರನ್ನು.

ಈ ವಾರ ಒಂದು ಹಾಳೆ ತಗೊಳ್ಳಿ. ಒಂದು ಕಡೆ "ಯಾಕೆ" ಅಂತ ಬರೆದು, "ಆಮೇಲೆ?" ಅಂತ ಮೂರು ಸಲ ಕೇಳಿಕೊಳ್ಳಿ. ಇನ್ನೊಂದು ಕಡೆ "ಎಷ್ಟು" ಬರೆಯಿರಿ. ಪಿಜಿಸಿಇಟಿ ಮೂಲಕ ಕಡಿಮೆ ಖರ್ಚಿನ ಕಾಲೇಜು ಇದೆಯಾ, ಕೆಲಸ ಬಿಡದೆ ಇಗ್ನೋದಲ್ಲಿ ಓದಬಹುದಾ, ಅದನ್ನೂ ವಿಚಾರಿಸಿ. ಆ ಹಾಳೆಯನ್ನು ಅಪ್ಪ ಅಮ್ಮನ ಮುಂದೆ ಇಟ್ಟು, ಒಟ್ಟಿಗೆ ಮೊಣಕಾಲೂರಿ. ಹೋಗುವವರು ಸಮಾಧಾನದಿಂದ ಹೋಗಿ. ಹೋಗದವರು ನಾಚಿಕೆ ಇಲ್ಲದೆ ಉಳಿಯಿರಿ. ಇಬ್ಬರೂ ನಮ್ಮ ಸಭೆಯ ಮಕ್ಕಳೇ.

ಪ್ರಾರ್ಥಿಸೋಣ. ತಂದೆಯೇ, ಈ ಮಕ್ಕಳ ಹೃದಯದ "ಯಾಕೆ" ನಿಮಗೆ ಗೊತ್ತಿದೆ. ಹೆಸರಿನ ಹಸಿವನ್ನು ತೆಗೆದುಬಿಡಿ, ಜ್ಞಾನದ ಹಸಿವನ್ನು ಕೊಡಿ. ಇವರ ತಂದೆತಾಯಿಯ ಬೆವರನ್ನು ಕಾಪಾಡಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.