ಪ್ರವಾಹವೂ ಕರ್ಣಧಾರನೂ



ಪೂರ್ವಸಮುದ್ರದತ್ತ ಹರಿಯುವ ಗಂಗೆಯು ಕಾಶಿಯಲ್ಲಿ ಉತ್ತರವಾಹಿನಿಯಾಗಿದ್ದಾಳೆ. ಆದುದರಿಂದ ದಕ್ಷಿಣದ ರಾಮನಗರದ ಕಡೆಯಿಂದ ಚಿಕ್ಕ ದೋಣಿಯಲ್ಲಿ ಹೊರಟವರಿಗೆ ಆ ಮಹಾನಗರವನ್ನು ಸೇರಲು ಹೆಚ್ಚಿನ ಶ್ರಮವಿಲ್ಲ, ಪ್ರವಾಹವೇ ಕರೆದೊಯ್ಯುತ್ತದೆ. ಎಡದಡದಲ್ಲಿ ಅಸ್ಸೀ, ಹರಿಶ್ಚಂದ್ರ, ಕೇದಾರ, ದಶಾಶ್ವಮೇಧ, ಮಣಿಕರ್ಣಿಕಾ, ಪಂಚಗಂಗಾ ಎಂಬ ಸ್ನಾನಘಟ್ಟಗಳು ಒಂದಾದ ಮೇಲೊಂದರಂತೆ ಎದುರಾಗುತ್ತವೆ.

ಆದರೆ ಪ್ರವಾಹವು ನಗರವನ್ನು ತೋರಿಸುತ್ತದೆಯೇ ಹೊರತು ಘಟ್ಟವನ್ನು ಮುಟ್ಟಿಸುವುದಿಲ್ಲ. ಪಂಚಗಂಗೆಯಲ್ಲಿಳಿದು ಬಿಂದುಮಾಧವನ ದರ್ಶನ ಪಡೆಯಬೇಕೆಂದು ಹೊರಟವನು ಹುಟ್ಟನ್ನು ಕೆಳಗಿಟ್ಟು ಕುಳಿತರೆ, ಆ ಸನ್ನಿಧಿಯು ಕಣ್ಣೆದುರಿಗೇ ಹಿಂದೆ ಸರಿಯುತ್ತದೆ. 1887ರಲ್ಲಿ ತೆರೆದ ರಾಜಘಾಟದ ರೈಲ್ವೆ ಸೇತುವೆಯಡಿಯಲ್ಲಿ ದೋಣಿಯು ಹಾದು, ಊರನ್ನೇ ದಾಟಿಹೋಗುತ್ತದೆ. ಮರಳಬೇಕಾದರೆ ಪ್ರವಾಹಕ್ಕೆ ಎದುರಾಗಿ ಹುಟ್ಟುಹಾಕಬೇಕು. ಬಲ್ಲ ಅಂಬಿಗನು ಘಟ್ಟವು ಎದುರಿಗೆ ಬರುವವರೆಗೆ ಕಾಯದೆ, ಬಹಳ ಮುಂಚೆಯೇ ದೋಣಿಯನ್ನು ದಡದತ್ತ ತಿರುಗಿಸತೊಡಗುತ್ತಾನೆ.

ಶ್ರೀಮದ್ಭಾಗವತದ ಏಕಾದಶಸ್ಕಂಧದಲ್ಲಿ ಭಗವಂತನು ಉದ್ಧವನಿಗೆ ಈ ಮಾನವದೇಹವನ್ನು ದೋಣಿಯೆಂದೂ, ಗುರುವನ್ನು ಕರ್ಣಧಾರನೆಂದೂ, ತನ್ನ ಅನುಗ್ರಹವನ್ನು ಅನುಕೂಲವಾದ ಗಾಳಿಯೆಂದೂ ತಿಳಿಸಿದ್ದಾನೆ. ಇವೆಲ್ಲವೂ ಒದಗಿರುವಾಗ ಕಾಲಕಳೆಯುವವನು ತನಗೆ ತಾನೇ ಕೇಡನ್ನು ಮಾಡಿಕೊಳ್ಳುತ್ತಾನೆ.

ಉಡುಪಿ, ಧಾರವಾಡ, ರಾಯಚೂರುಗಳಿಂದ ನಮ್ಮನ್ನು ಮುಂಬಯಿ, ಪುಣೆ, ದೆಹಲಿಗಳಿಗೆ ತಂದುದು ಜೀವನೋಪಾಯವೆಂಬ ಪ್ರವಾಹ. ಅದನ್ನು ನಿಂದಿಸಬೇಕಾಗಿಲ್ಲ, ಅದೂ ಹರಿಯ ಇಚ್ಛೆಯೇ. ಆದರೆ ನಗರವನ್ನು ಸೇರಿದುದನ್ನೇ ಗುರಿ ಸೇರಿದುದೆಂದು ಬಗೆದರೆ ಘಟ್ಟವು ತಪ್ಪುತ್ತದೆ. ಸಂಧ್ಯಾವಂದನೆ ನಿವೃತ್ತಿಯ ನಂತರ, ಮಕ್ಕಳಿಗೆ ಸ್ತೋತ್ರಪಾಠ ಪರೀಕ್ಷೆ ಮುಗಿದ ಮೇಲೆ, ಶಾಸ್ತ್ರಶ್ರವಣ ಮನೆಯ ಸಾಲ ತೀರಿದ ಮೇಲೆ ಎಂದು ನಾವು ಮುಂದೂಡುತ್ತೇವೆ. ಮಣಿಕರ್ಣಿಕೆಯ ಚಿತೆಗಳು ಪಂಚಗಂಗೆಗಿಂತ ಮೊದಲೇ ಎದುರಾಗುತ್ತವೆಂಬುದನ್ನು ಮರೆಯುತ್ತೇವೆ.

ನಡೆಸುವವನು ಹರಿಯೇ ಆಗಿರುವಾಗ ನಾವೇಕೆ ಹುಟ್ಟುಹಾಕಬೇಕೆಂದು ಕೆಲವರು ಕೇಳುವುದುಂಟು. ಜೀವರ ಕರ್ತೃತ್ವವು ಪರಾಧೀನವೇ ಹೊರತು ಇಲ್ಲವೇ ಇಲ್ಲವೆಂದಲ್ಲ. ಇದು ನಮ್ಮ ಸಿದ್ಧಾಂತ. ತೋಳಿಗೆ ಬಲವನ್ನು ಕೊಟ್ಟವನು ಅವನು. ಆ ಬಲದಿಂದ ಹುಟ್ಟನ್ನು ಎಳೆಯಬೇಕಾದವರು ನಾವು.

ಬದರೀಯಾತ್ರೆಯಲ್ಲಿ ದೋಣಿಗಳು ದೊರೆಯದಿದ್ದಾಗಲೂ ಶಿಷ್ಯರೊಡನೆ ಗಂಗೆಯನ್ನು ದಾಟಿದರೆಂದು ಸುಮಧ್ವವಿಜಯವು ವರ್ಣಿಸುವ ಶ್ರೀಮದಾಚಾರ್ಯರು ನಮ್ಮ ಕರ್ಣಧಾರರು. ಅಂತಹ ಗುರುಗಳಿರಲು ನಮ್ಮ ದೋಣಿ ಚಿಕ್ಕದೆಂಬ ಅಳುಕು ಬೇಡ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿಯೂ ದಿನಕ್ಕೊಂದು ಶ್ಲೋಕ, ಏಕಾದಶಿಯ ಉಪವಾಸ, ಉಪನೀತರಾದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಘ್ಯಪ್ರದಾನ, ಇವಿಷ್ಟು ಸಾಧ್ಯ. ಘಟ್ಟವು ಇನ್ನೂ ಮುಂದಿರುವಾಗಲೇ ದೋಣಿಯನ್ನು ದಡದತ್ತ ತಿರುಗಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥