ಪಾರಿಜಾತದ ಒಡೆಯರು ಯಾರು?

ದೇವಲೋಕದಲ್ಲಿ ಮಂದಾರ, ಪಾರಿಜಾತ, ಸಂತಾನ, ಕಲ್ಪವೃಕ್ಷ, ಹರಿಚಂದನ ಎಂಬ ಐದು ದಿವ್ಯ ವೃಕ್ಷಗಳಿವೆ ಎಂದು ಪುರಾಣಗಳು ಹೇಳುತ್ತವೆ. ಬೇಡಿದ್ದನ್ನು ಕೊಡುವ ಮರಕ್ಕೂ ಇಂದ್ರನೆಂಬ ಒಡೆಯ, ಸುತ್ತ ಕಾವಲು. ಇದು ನ್ಯಾಯವೇ?

ಹೀಗೆ ಕೇಳಿದವಳು ಸತ್ಯಭಾಮೆ. ಶ್ರೀಕೃಷ್ಣನು ಪಾರಿಜಾತವನ್ನು ಗರುಡನ ಮೇಲೇರಿಸಿದಾಗ ಕಾವಲಿನವರು, ಇದು ಶಚೀದೇವಿಯ ಮರ ಅಂತ ತಡೆದರು. ಸಮುದ್ರ ಕಡೆದಾಗ ಹುಟ್ಟಿದ್ದು ಚಂದ್ರನ ಹಾಗೆ ಎಲ್ಲರಿಗೂ ಸೇರಿದ್ದು, ಇಂದ್ರನೊಬ್ಬನದು ಹೇಗಾದೀತು ಎಂದಳು ಭಾಮೆ. ವಿಷ್ಣುಪುರಾಣದಲ್ಲಿ ಈ ವಾದವಿದೆ. ಯುದ್ಧದಲ್ಲಿ ಇಂದ್ರ ಸೋತ. ಗೆದ್ದ ಕೃಷ್ಣನೋ ಮರವನ್ನು ಹಿಂದಿರುಗಿಸಲು ಸಿದ್ಧನಾದ. ಇಂದ್ರನೇ ಬೇಡವೆಂದು ದ್ವಾರಕೆಗೆ ಕಳಿಸಿದ. ಅವತಾರ ಮುಗಿದ ಮೇಲೆ ಮರ ಸ್ವರ್ಗಕ್ಕೆ ಮರಳಿತು.

ಆದರೆ ಎಲ್ಲರದು ಎಂದ ಭಾಮೆಯ ತೋಟದಲ್ಲೇ ಆ ಮರ ನೆಟ್ಟದ್ದೆಂದು ಭಾಗವತ ಹೇಳುತ್ತದೆ. ನಮ್ಮ ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತ ಆಟ ನೋಡಿದವರಿಗೆ ಭಾಮೆಯ ಗರ್ವ ಗೊತ್ತೇ ಇದೆ. ಒಡೆತನದ ಆಸೆ ಇಂದ್ರನಿಗೆ ಮಾತ್ರ ಅಂಟಿದ್ದಲ್ಲ.

ಉಳವಿಯ ಚನ್ನಬಸವಣ್ಣನವರಿಗೂ ಷಟ್‌ಸ್ಥಲ ಚಕ್ರವರ್ತಿ ಎಂಬ ಬಿರುದಿದೆ. ಈ ಚಕ್ರವರ್ತಿಗೆ ಸಿಂಹಾಸನವಿಲ್ಲ, ನಂದನವನವಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣ ಕ್ರಾಂತಿಯ ನಂತರ ಶರಣರೊಡನೆ ಬಂದವರಿಗೆ ಈ ಕಾಡು, ಈ ಗವಿಗಳೇ ಆಸರೆಯಾದವು. ಬೇಡಿ ಪಡೆಯುವ ಮರವನ್ನು ಶರಣರು ಹುಡುಕಲಿಲ್ಲ. ಕಾಯಕದಿಂದ ಗಳಿಸಿ ದಾಸೋಹದಿಂದ ಹಂಚಿದರು.

ಹಾಗಾದರೆ ಮರಕ್ಕೆ ಕಾವಲೇ ಬೇಡವೇ? ಬೇಕು. 1983ರ ಸೆಪ್ಟೆಂಬರಿನಲ್ಲಿ ಇದೇ ಜಿಲ್ಲೆಯ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದರು. ಅಪ್ಪಿಕೋ ಚಳವಳಿ ಎಂದು ಅದು ಹೆಸರಾಯಿತು. ಮರವನ್ನು ಮನೆಗೆ ಒಯ್ಯಲಿಕ್ಕೆ ಅವರು ಅಪ್ಪಿದ್ದಲ್ಲ, ನಿಂತಲ್ಲೇ ಉಳಿಯಲಿ ಅಂತ ಅಪ್ಪಿದರು. ದೇವರ ಒಡೆತನ ಎಂದರೂ ಇದೇ ಇರಬೇಕು.

ಜಾತ್ರೆಗೆ ಬಂದವರು, ಕಾಡು ದೇವರದು, ಕೇಳುವವರ್ಯಾರು ಅಂತ ಒಲೆಗೆ ಹಸಿ ಕೊಂಬೆ ಮುರಿಯುವುದುಂಟು. ದಾಸೋಹಕ್ಕೆ ಒಲೆ ಬೇಕು, ನಿಜ. ಹೊಟ್ಟು, ಮೇವು, ಬುತ್ತಿ ಹೇರಿಕೊಂಡು ಬರುವ ಚಕ್ಕಡಿಗೆ ಒಂದು ಹೊರೆ ಒಣ ಕಟ್ಟಿಗೆ ಭಾರವಲ್ಲ. ದೇವರದು ಎಂದರೆ ಕೇಳುವವರಿಲ್ಲ ಎಂದಲ್ಲ. ಮುಂದಿನ ಭಾರತ ಹುಣ್ಣಿಮೆಗೆ ಬರುವ ಭಕ್ತನಿಗೂ, ಅವನ ಎತ್ತುಗಳಿಗೂ ಆ ನೆರಳಿನಲ್ಲಿ ಪಾಲಿದೆ ಎಂದರ್ಥ. ಆ ಪಾಲನ್ನು ಉಳಿಸಿ ಹೋಗುವುದೂ ಸೇವೆಯೇ.