ಕರ್ಣನ ಎರಡು ಕವಚಗಳು

ಬಳ್ಳಾರಿ ಜಿಲ್ಲೆಯ ಕುಡತಿನಿಯ ಸಮೀಪದಲ್ಲಿ ಅತಿ ಪುರಾತನವಾದ ಬೂದಿದಿಬ್ಬವೊಂದಿದೆ. ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿದ ಸಗಣಿಯೇ ಉರಿದು ಹೀಗಾಯಿತೆಂಬುದಕ್ಕೆ ಜಾಯ್ನರ್ ಎಂಬ ವಿದ್ವಾಂಸರು 1960ರಲ್ಲಿ ಪ್ರಕಟಿಸಿದ ಪರೀಕ್ಷೆಯು ಬಲವಾದ ಆಧಾರವನ್ನೊದಗಿಸಿತು. ಅದರಲ್ಲಿ ಕೆಲವೆಡೆ ಮೃದುವಾದ ಬೂದಿ. ತಾಪವು ಮಿತಿಮೀರಿದೆಡೆ ಕರಗಿ ಹೆಪ್ಪುಗಟ್ಟಿದ ಕಿಟ್ಟ. ಭಕ್ತನ ಹಣೆಯ ವಿಭೂತಿಯೂ ಗೋಮಯದಿಂದಲೇ ಆದುದು. ದ್ರವ್ಯವೊಂದೇ, ಸುಟ್ಟ ಬಗೆ ಬೇರೆ. ಮನುಷ್ಯನ ಬಾಲ್ಯವೂ ಕೆಲವರ ಪಾಲಿಗೆ ಇಂತಹ ಬೆಂಕಿಯೇ ಸರಿ.

ಕಾವ್ಯಲೋಕದಲ್ಲಿ ಇದಕ್ಕೆ ಕರ್ಣನೇ ನಿದರ್ಶನ. 941ರಲ್ಲಿ ಪಂಪನು ರಚಿಸಿದ ವಿಕ್ರಮಾರ್ಜುನ ವಿಜಯಕ್ಕೆ ಅರ್ಜುನನು ನಾಯಕ. ಆದರೂ ಓದುಗನ ಕಣ್ಣು ತೇವವಾಗುವುದು ಕರ್ಣನಿಗಾಗಿ. ಹೆತ್ತವಳು ಗಂಗೆಯಲ್ಲಿ ಬಿಟ್ಟಳು; ಸೂತನು ಸಾಕಿದನು. ಶಸ್ತ್ರವಿದ್ಯೆಯ ಪ್ರದರ್ಶನದಂದು ಹಿರಿಯರು ಅವನ ಬಿಲ್ಲನ್ನು ನೋಡದೆ ಕುಲವನ್ನು ಕೆದಕಿದರು. ಆಗ ಕೈಹಿಡಿದವನು ದುರ್ಯೋಧನನು.

ಅಂದಿನಿಂದ ಕರ್ಣನ ನಡೆಯಲ್ಲಿ ಸದಾ ಒಂದು ಎಚ್ಚರ, ಒಂದು ಬಿರುಸು. ಪರರು ಹಳಿಯುವ ಮುನ್ನವೇ ತಾನು ಹಳಿಯಬೇಕು. ಪರರ ಮುಂದೆ ಕೈಯೊಡ್ಡದೆ ತಾನೇ ಕೊಡುವವನಾಗಿರಬೇಕು. ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟವಾಗುವಾಗ ಆ ವೃದ್ಧನ ಮುಪ್ಪನ್ನೇ ಹೀಗಳೆದನು. ವ್ಯಾಸಭಾರತದ ದ್ಯೂತಸಭೆಯಲ್ಲಿಯಂತೂ ದಿಕ್ಕಿಲ್ಲದೆ ನಿಂತ ದ್ರೌಪದಿಯನ್ನು ನುಡಿಯಿಂದ ಇರಿದನು. ತುಂಬಿದ ಸಭೆಯಲ್ಲಿ ಅವಮಾನವನ್ನುಂಡವನೇ ತುಂಬಿದ ಸಭೆಯಲ್ಲಿ ಅವಮಾನವನ್ನು ಬಡಿಸಿದನು.

ಕರ್ಣನು ಹುಟ್ಟುವಾಗಲೇ ಮೈಗೆ ಕವಚವಿತ್ತು. ಇಂದ್ರನು ವಿಪ್ರವೇಷದಿಂದ ಬಂದು ಬೇಡಿದಾಗ ಅದನ್ನು ಕೊಯ್ದು ಕೊಟ್ಟನು. ಆದರೆ ಬಾಲ್ಯದ ನೋವು ಮನಸ್ಸಿಗೆ ತೊಡಿಸಿದ ಕವಚವನ್ನು ಅಷ್ಟು ಸುಲಭವಾಗಿ ಕಳಚಲಾರದೆ ಹೋದನು. ಭೀಷ್ಮನು ಶರಶಯ್ಯೆಯಲ್ಲಿ ಮಲಗಿದ ಮೇಲೆ, ಅವನ ಬಳಿಗೆ ಹೋಗಿ ಅಡಿಗೆರಗಿ, ತನ್ನ ಬಿರುನುಡಿಯನ್ನು ಮರೆಯಬೇಕೆಂದು ಬೇಡಿಕೊಂಡನು. ಅಂದು ಆ ಕವಚವು ಸಡಿಲಿತು. ಕಾಲವು ಮಾತ್ರ ಮಿಂಚಿತ್ತು.

ಹಾಗಾದರೆ ಕರ್ಣನ ತಪ್ಪು ತಪ್ಪಲ್ಲವೇ? ತಪ್ಪೇ. ನೋವು ನಡತೆಗೆ ಕಾರಣವಾದೀತು, ಸಮರ್ಥನೆಯಾಗದು. ದ್ರೌಪದಿಯ ಕಣ್ಣೀರಿಗೆ ಕರ್ಣನ ಬಾಲ್ಯವು ಉತ್ತರವಲ್ಲ. ಆದರೆ ಕುಲವನ್ನು ಕೇಳಿ ನಕ್ಕ ಸಭೆಯೂ ನಿರ್ದೋಷಿಯಲ್ಲ. ಹನ್ನೆರಡನೆಯ ಶತಮಾನದ ಶರಣರು ಕೈಯಿಕ್ಕಿದುದು ಈ ಮೂಲರೋಗಕ್ಕೆ. ಬಸವಣ್ಣನವರು ತಮ್ಮನ್ನು ಮಾದಾರ ಚೆನ್ನಯ್ಯನ ಮಗನೆಂದು ಹೇಳಿಕೊಂಡರು. ಬಿಜ್ಜಳನ ಭಂಡಾರಿಯೇ ತನ್ನ ಹುಟ್ಟಿನ ಹಿರಿಮೆಯನ್ನು ಕೆಳಗಿಟ್ಟ ಮೇಲೆ, ಅವರ ಬಾಗಿಲಿಗೆ ಬಂದವನು ತನ್ನ ಹುಟ್ಟನ್ನು ಬಚ್ಚಿಡುವ ಅಗತ್ಯವೆಲ್ಲಿಯದು? ದುರ್ಯೋಧನನು ಆಶ್ರಯವನ್ನಿತ್ತು ಕರ್ಣನನ್ನು ಋಣಿಯನ್ನಾಗಿಸಿದನು. ಶರಣರು ಆಶ್ರಯವನ್ನಿತ್ತು ಬಂದವನನ್ನು ಬಂಧುವನ್ನಾಗಿಸಿದರು.

ಗೃಹಸ್ಥನ ಮನೆಯಲ್ಲಿಯೂ ಪುಟ್ಟ ಕರ್ಣರಿರುತ್ತಾರೆ. ತಾಯಿಯನ್ನು ಕಳೆದುಕೊಂಡು ಬಂಧುಗಳ ಅನ್ನದಲ್ಲಿ ಬೆಳೆಯುವ ಕೂಸು, ಯಾರೂ ಗದರಿಸದಿದ್ದರೂ ಮುಖ ಬಿಗಿದು ಎದುರುತ್ತರ ಕೊಡುತ್ತದೆ. ಅದನ್ನು ಸೊಕ್ಕೆನ್ನುವುದು ಸುಲಭ. ತಪ್ಪನ್ನು ತಿದ್ದಲೇಬೇಕು, ತಿದ್ದುವಾಗ ಅದರ ಹುಟ್ಟನ್ನಾಗಲಿ ಉಂಡ ಅನ್ನವನ್ನಾಗಲಿ ಎತ್ತಿ ಆಡಬಾರದು. ಕವಚವನ್ನು ಕೊಯ್ದು ಕೊಡೆಂದು ಇಂದ್ರನಂತೆ ಕೇಳುವುದು ಸಲ್ಲದು. ಈ ಮನೆಯಲ್ಲಿ ಕವಚವೇ ಬೇಕಿಲ್ಲವೆಂದು ಆ ಕೂಸಿಗೆ ತಾನಾಗಿ ತೋರುವಂತೆ ನಡೆದುಕೊಳ್ಳುವುದೇ ಸದ್ಭಕ್ತನ ಆಚಾರ.